ಲಾಲ್‌ಬಾಗಿನ ಬಂಡೆ ಮತ್ತು ಹದಿಹರೆಯದ ಕಲಿಕೆ

ಶಾಲಾ ಪ್ರವಾಸದಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬರುವ ಮಕ್ಕಳು ಗಾಜಿನ ಮನೆ ನೋಡಿ, ಕೆಂಪೇಗೌಡರ ಗೋಪುರವಿರುವ ಬಂಡೆ ಹತ್ತಿ, ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅವರ ಕಾಲಡಿಯ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಅವರು 1916ರಲ್ಲಿ ಈ ಬಗೆಯ ಶಿಲೆಗೆ ‘ಪೆನಿನ್ಸುಲರ್ ನೈಸ್’ (ಪರ್ಯಾಯ ದ್ವೀಪದ ಪಟ್ಟೆಶಿಲೆ) ಎಂಬ ಹೆಸರು ಕೊಟ್ಟರು. ಲಾಲ್‌ಬಾಗಿನ ಬಂಡೆ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ನಗರದೊಳಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗುವುದು ಕಷ್ಟ. ಆದರೆ ಅಲ್ಲಿಗೆ ಕರೆದೊಯ್ದ ಮಾತ್ರಕ್ಕೆ ಕಲಿಕೆ ನಡೆಯುವುದಿಲ್ಲ.

ಅಪರಿಚಿತ ಜಾಗದಲ್ಲಿ ಮಕ್ಕಳ ಗಮನವೆಲ್ಲ ಸುತ್ತಲಿನ ಹೊಸತನದ ಕಡೆಗೇ ಹರಿದು, ಕಲಿಯಬೇಕಾದ ವಿಷಯ ಹಿಂದೆ ಬೀಳುತ್ತದೆ ಎಂಬುದನ್ನು ಅಮೆರಿಕದ ಜಾನ್ ಫಾಕ್ ಮತ್ತು ಸಹೋದ್ಯೋಗಿಗಳು 1978ರಲ್ಲೇ ಗುರುತಿಸಿದ್ದರು. ಇಸ್ರೇಲಿನ ಪ್ರೌಢಶಾಲಾ ವಿದ್ಯಾರ್ಥಿಗಳ ಭೂವಿಜ್ಞಾನ ಪ್ರವಾಸಗಳನ್ನು ಅಧ್ಯಯನ ಮಾಡಿದ ನೀರ್ ಓರಿಯನ್ ಮತ್ತು ಅವಿ ಹಾಫ್‌ಸ್ಟೀನ್ ಅವರು, ವಿಷಯ, ಸ್ಥಳ ಮತ್ತು ದಿನಚರಿ ಈ ಮೂರನ್ನೂ ಮೊದಲೇ ಪರಿಚಯಿಸಿದರೆ ಹೊರಗಿನ ಕಲಿಕೆ ಗಟ್ಟಿಯಾಗುತ್ತದೆ ಎಂದು 1994ರಲ್ಲಿ ತೋರಿಸಿದರು. ಹಾಗಾಗಿ ಶಾಲೆಯ ಅಂಗಳದ ಚಪ್ಪಡಿ ಕಲ್ಲಿನಲ್ಲೇ ಬಿಳಿ, ಕಪ್ಪು ಖನಿಜಗಳನ್ನು ಗುರುತಿಸುವುದು, ನಕ್ಷೆ ನೋಡುವುದು, ಊಟ ಮತ್ತು ಶೌಚಾಲಯ ಎಲ್ಲಿ ಎಂದು ತಿಳಿಸುವುದು ಕೂಡ ಪಾಠದ ಭಾಗವೇ.

ಹದಿಹರೆಯದಲ್ಲಿ ಹೊಸ ಅನುಭವಕ್ಕೂ ಗೆಳೆಯರ ಮೆಚ್ಚುಗೆಗೂ ಮಿದುಳಿನಲ್ಲಿ ಖುಷಿ, ಪ್ರತಿಫಲಗಳಿಗೆ ಸಂಬಂಧಿಸಿದ ಡೋಪಮೈನ್ ಜಾಲ ತೀವ್ರವಾಗಿ ಸ್ಪಂದಿಸುತ್ತದೆ. ಯೋಚಿಸಿ ತೀರ್ಮಾನಿಸಲು ನೆರವಾಗುವ ಮಿದುಳಿನ ಮುಂಭಾಗದ ಹೊರಪದರವಾದರೋ ಇಪ್ಪತ್ತು ವರ್ಷ ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಇದನ್ನು ನಾವು ಬಹಳ ಸಲ ಅಪಾಯವೆಂದಷ್ಟೇ ನೋಡುತ್ತೇವೆ. ಗೆಳೆಯರ ಗುಂಪು ತಾನೇ ತೀರ್ಮಾನಿಸಬೇಕಾದ ನಿಜವಾದ ಪ್ರಶ್ನೆಯೊಂದನ್ನು ಕೈಗೆ ಕೊಟ್ಟರೆ ಅದೇ ಸ್ವಭಾವ ಕಲಿಕೆಯ ಬಲವಾಗಬಲ್ಲದು ಎಂಬುದು ನನ್ನ ದೃಢವಾದ ನಂಬಿಕೆ.

ಅಂಥ ಪ್ರಶ್ನೆ ಲಾಲ್‌ಬಾಗಿನ ಬಂಡೆಯಲ್ಲೇ ಇದೆ. ಬಗ್ಗಿ ನೋಡಿದರೆ ಬಯೋಟೈಟ್ ಎಂಬ ಖನಿಜ ತುಂಬಿದ ಕಪ್ಪು ಪಟ್ಟೆಗಳು, ಅವುಗಳ ನಡುವೆ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಖನಿಜಗಳ ಬೂದುಬಿಳಿ ಪಟ್ಟೆಗಳು ಬಳುಕಿಕೊಂಡು ಸಾಗುವುದು ಕಾಣುತ್ತದೆ. ಅಲ್ಲಲ್ಲಿ ತಿಳಿಬಣ್ಣದ ಸಿರವೊಂದು (ಬಂಡೆಯ ಬಿರುಕಿನಲ್ಲಿ ತುಂಬಿಕೊಂಡ ಕಲ್ಲಿನ ಎಳೆ) ಆ ಪಟ್ಟೆಗಳನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗಿರುತ್ತದೆ. ಇವುಗಳಲ್ಲಿ ಮೊದಲು ಬಂದದ್ದು ಯಾವುದು? ಕತ್ತರಿಸಿದ್ದು ಆಮೇಲಿನದು, ಕತ್ತರಿಸಿಕೊಂಡದ್ದು ಮೊದಲಿನದು ಎಂಬ ಸರಳ ತರ್ಕವನ್ನು ವಿದ್ಯಾರ್ಥಿಗಳು ತಾವಾಗಿಯೇ ಮುಟ್ಟಬಲ್ಲರು. ಎರಡು ಸಿರಗಳು ಒಂದನ್ನೊಂದು ದಾಟುವಲ್ಲಿ ವಾದ ಹುಟ್ಟುತ್ತದೆ. ಆಗ ಶಿಕ್ಷಕರು ಉತ್ತರ ಹೇಳದೆ ಸುಮ್ಮನಿರಬೇಕು. ಸ್ಮಾರಕವಾದ್ದರಿಂದ ಸುತ್ತಿಗೆ ಮುಟ್ಟುವಂತಿಲ್ಲ, ಅಳತೆಪಟ್ಟಿ ಇಟ್ಟು ಚಿತ್ರ ಬರೆದುಕೊಂಡರೆ ಸಾಕು.

ಯಾವುದು ಮೊದಲು ಎಂದು ಕಣ್ಣಿಗೆ ತಿಳಿಯುತ್ತದೆ, ಎಷ್ಟು ವರ್ಷ ಎಂದು ತಿಳಿಯುವುದಿಲ್ಲ. 300 ಕೋಟಿ ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಅವರೇ ಕೇಳಿದಾಗ, ಶಾಲೆಗೆ ಮರಳಿ ಬಂಡೆಯೊಳಗಿನ ಜಿರ್ಕಾನ್ ಎಂಬ ಖನಿಜದ ಪುಟ್ಟ ಹರಳಿನ ಪಾಠ ಶುರುಮಾಡಬಹುದು. ಆ ಹರಳಿನೊಳಗೆ ಸಿಕ್ಕಿಕೊಂಡ ಯುರೇನಿಯಂ ನಿಧಾನವಾಗಿ ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಮಾರ್ಪಡಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ. ಉಳಿದ ಯುರೇನಿಯಂ ಮತ್ತು ಹುಟ್ಟಿದ ಸೀಸದ ಪ್ರಮಾಣಗಳನ್ನು ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಇದೇ ವಿಧಾನದಿಂದ ರಾಮನಗರದ ಗ್ರಾನೈಟ್ ಬೆಟ್ಟಗಳು ಸುಮಾರು 250 ಕೋಟಿ ವರ್ಷದವು, ಅಂದರೆ ಲಾಲ್‌ಬಾಗಿನ ಬಂಡೆಗಿಂತ ಕಿರಿಯವು ಎಂದು ತಿಳಿದಿದೆ. ಮುಂದಿನ ಪ್ರವಾಸವನ್ನು ಅಲ್ಲಿಗೇ ಇಟ್ಟುಕೊಳ್ಳಬಹುದು.