ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದಲ್ವಾ?

ಓದುಗರ ಪ್ರಶ್ನೆ: ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಅಂತ ಗೊತ್ತಾಗಿದೆ. ಡಾಕ್ಟರು ಇಮ್ಯುನಿಟಿ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟಿದ್ದಾರೆ. ಕಾಯಿಲೆ ಬಿದ್ದವರಿಗೆ ಇಮ್ಯುನಿಟಿ ಜಾಸ್ತಿ ಆಗಬೇಕಲ್ವಾ? ಮನೆಯಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ ಕೊಡು ಅನ್ನುತ್ತಿದ್ದಾರೆ. ಏನು ಮಾಡಲಿ?

ಮೊದಲು ನೇರ ಉತ್ತರ. ಮಾತ್ರೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳದೆ ಕಷಾಯ ಶುರು ಮಾಡಬೇಡಿ. ನಿಮ್ಮ ತಮ್ಮನಿಗೆ ಇಮ್ಯುನಿಟಿ ಸಾಲದೆ ಈ ಕಾಯಿಲೆ ಬಂದಿಲ್ಲ. ಅವರ ಕರುಳಿನಲ್ಲಿ ಇಮ್ಯುನಿಟಿಯೇ ಅಂಕೆ ಮೀರಿದೆ.

ಕೋವಿಡ್ ಬಂದಾಗಿನಿಂದ ಇಮ್ಯುನಿಟಿ ಅಂದರೆ ಬ್ಯಾಂಕಿನ ಠೇವಣಿ ಇದ್ದ ಹಾಗೆ, ಎಷ್ಟು ಕೂಡಿಟ್ಟರೂ ಒಳ್ಳೆಯದೇ ಅನ್ನುವ ನಂಬಿಕೆ ಮನೆಮನೆಗೂ ಬಂದಿದೆ. ಹಾಗಾಗಿ ನಿಮ್ಮ ಪ್ರಶ್ನೆ ತೀರಾ ಸಹಜ. ಆದರೆ ಕರುಳಿನ ಒಳಗೆ ಏನು ನಡೆಯುತ್ತದೆ ಅಂತ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಹೆಚ್ಚುಕಮ್ಮಿ ಎಲ್ಲವೂ ಇರುವುದು ದೊಡ್ಡ ಕರುಳಿನಲ್ಲೇ. ಅವಕ್ಕೂ ನಮಗೂ ನಡುವೆ ಒಂದಿಷ್ಟು ಲೋಳೆ, ಅದರ ಕೆಳಗೆ ಒಂದೇ ಒಂದು ಪದರ ಜೀವಕೋಶ. ಅಷ್ಟೇ. ಆ ಪದರದ ಈಚೆ ಬದಿಯಲ್ಲಿ ರೋಗನಿರೋಧಕ ಕೋಶಗಳ ದೊಡ್ಡ ದಂಡು ಬೀಡುಬಿಟ್ಟಿದೆ. ಹೊರಗಿನ ಜೀವಿಗಳು ಇಷ್ಟು ಹತ್ತಿರ ಇದ್ದರೂ ದಿನಾ ಯುದ್ಧ ಆಗುವುದಿಲ್ಲ. ನಾವು ತಿಂದ ಮುದ್ದೆ, ಸಾರಿನ ಮೇಲೂ ದಾಳಿ ಆಗುವುದಿಲ್ಲ. ಯಾಕೆ?

ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಮೂರು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು ಇಂಗ್ಲೆಂಡಿನ ಫಿಯೋನಾ ಪೌರಿ. ಬಾತ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ, ಆಕ್ಸ್‌ಫರ್ಡ್‌ನಲ್ಲಿ ಡಾನ್ ಮೇಸನ್ ಅವರ ಕೈಕೆಳಗೆ ಸಂಶೋಧನೆ ಶುರು ಮಾಡಿದರು. ಆಗ ಈ ವಿಷಯಕ್ಕೆ ಒಳ್ಳೆಯ ಹೆಸರಿರಲಿಲ್ಲ. ದಾಳಿ ಮಾಡುವ ಕೋಶಗಳನ್ನು ತಡೆಯುವ 'ಸಪ್ರೆಸರ್' ಕೋಶಗಳೂ ಇವೆ ಎಂದು 1970ರ ದಶಕದಲ್ಲಿ ಹಲವರು ಬರೆದಿದ್ದರು. 1980ರ ದಶಕದಲ್ಲಿ ಹುಡುಕಿದಾಗ, ಆ ಕೋಶಗಳ ಗುರುತು ಎಂದು ನಂಬಿದ್ದ ಜೀನ್ ಇರಬೇಕಾದ ಜಾಗದಲ್ಲಿ ಸಿಗಲೇ ಇಲ್ಲ. ವಿಜ್ಞಾನಿಗಳು ಆ ದಾರಿಯನ್ನೇ ಬಿಟ್ಟುಬಿಟ್ಟರು. ಹೊಸದಾಗಿ ವೃತ್ತಿಗೆ ಕಾಲಿಟ್ಟವರು ಇಂಥ ವಿಷಯ ಹಿಡಿಯುವುದಕ್ಕೆ ನಿಜಕ್ಕೂ ಧೈರ್ಯ ಬೇಕು.

ಪಿಎಚ್‌ಡಿ ಮುಗಿದ ಮೇಲೆ ಪೌರಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿನ ಪಾಲೋ ಆಲ್ಟೋ ಊರಿನ ಡಿಎನ್‌ಎಎಕ್ಸ್ ಸಂಸ್ಥೆಯಲ್ಲಿ ರಾಬರ್ಟ್ ಕಾಫ್‌ಮನ್ ಅವರ ತಂಡ ಸೇರಿ ಮಾಡಿದ ಪ್ರಯೋಗ 1993ರಲ್ಲಿ ಪ್ರಕಟವಾಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಆರೋಗ್ಯವಾಗಿರುವ ಒಂದು ಇಲಿಯಿಂದ ಟಿ ಕೋಶಗಳನ್ನು ತೆಗೆದರು. ಟಿ ಕೋಶ ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ. ಅವುಗಳ ಮೈಮೇಲಿರುವ ಒಂದು ಪ್ರೋಟೀನ್‌ಗೆ ಹೊಳೆಯುವ ಬಣ್ಣ ಅಂಟಿಸಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸಿದರು. ಜಾಸ್ತಿ ಹೊಳೆದವು ಒಂದು ಕೊಳವೆಗೆ, ಕಡಿಮೆ ಹೊಳೆದವು ಇನ್ನೊಂದಕ್ಕೆ. ಎರಡೂ ಅದೇ ಆರೋಗ್ಯವಂತ ಇಲಿಯ ಕೋಶಗಳು ಅನ್ನುವುದನ್ನು ಮರೆಯಬೇಡಿ. ಆಮೇಲೆ, ಹುಟ್ಟಿನಿಂದಲೇ ಸ್ವಂತ ಟಿ ಕೋಶ ಇಲ್ಲದ ಇಲಿಗಳಿಗೆ ಜಾಸ್ತಿ ಹೊಳೆದ ಕೋಶಗಳನ್ನು ಮಾತ್ರ ಚುಚ್ಚಿದರು.

ಕೆಲವು ವಾರಗಳಲ್ಲಿ ಆ ಇಲಿಗಳು ಸೊರಗಿದವು. ಭೇದಿ ಶುರುವಾಯಿತು. ಅವುಗಳ ದೊಡ್ಡ ಕರುಳು ದಪ್ಪಗಾಗಿ ಊದಿಕೊಂಡಿತ್ತು. ಆರೋಗ್ಯವಾದ ಕರುಳಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆರಳಿನಾಕಾರದ ಗುಳಿಗಳು ಸಾಲಾಗಿ ಕಾಣುತ್ತವೆ. ಪ್ರತಿ ಗುಳಿಯ ಅಂಚಿನಲ್ಲೂ ಲೋಳೆ ತುಂಬಿದ ಕೋಶಗಳು ಬಿಳಿ ಗುಳ್ಳೆಗಳ ಹಾಗಿರುತ್ತವೆ. ಈ ಇಲಿಗಳಲ್ಲಿ ಆ ಸಾಲು ಕೆಟ್ಟಿತ್ತು, ಲೋಳೆ ಕೋಶಗಳು ಕಾಣೆಯಾಗಿದ್ದವು, ಎಲ್ಲ ಕಡೆ ರೋಗನಿರೋಧಕ ಕೋಶಗಳೇ ಕಿಕ್ಕಿರಿದಿದ್ದವು. ಮನುಷ್ಯರ ಕರುಳಿನ ಉರಿಯೂತದಲ್ಲೂ ಹೆಚ್ಚುಕಮ್ಮಿ ಹೀಗೇ ಕಾಣುತ್ತದೆ.

ಇನ್ನು ಕೆಲವು ಇಲಿಗಳಿಗೆ ಎರಡೂ ಬಗೆಯ ಕೋಶಗಳನ್ನು ಸೇರಿಸಿ ಕೊಟ್ಟಿದ್ದರು. ಅವಕ್ಕೆ ಕಾಯಿಲೆ ಬರಲಿಲ್ಲ!

ಅಂದರೆ ಕರುಳನ್ನು ಹಾಳುಮಾಡಬಲ್ಲ ಕೋಶಗಳು ಆರೋಗ್ಯವಂತರ ಮೈಯಲ್ಲೂ ಇವೆ. ಅವುಗಳನ್ನು ಅಂಕೆಯಲ್ಲಿಡುವ ಕೋಶಗಳೂ ಪಕ್ಕದಲ್ಲೇ ಇವೆ. ಎರಡನೆಯವು ಇಲ್ಲವಾದರೆ ಮೊದಲನೆಯವು ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ತಿರುಗಿಬೀಳುತ್ತವೆ, ಪೆಟ್ಟು ಬೀಳುವುದು ಕರುಳಿಗೆ. ನನ್ನ ಮಟ್ಟಿಗೆ ಇದು ಕಳೆದ ಶತಮಾನದ ಅತ್ಯಂತ ಚೆಂದದ ಪ್ರಯೋಗಗಳಲ್ಲಿ ಒಂದು.

ಪೌರಿ ಅಲ್ಲಿಗೆ ನಿಲ್ಲಲಿಲ್ಲ. ಮತ್ತೆ ಆಕ್ಸ್‌ಫರ್ಡ್‌ಗೆ ಬಂದು, ಈ ಅಂಕೆಯ ಕೋಶಗಳು ಐಎಲ್-10 ಮತ್ತು ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಸಂದೇಶಗಳ ನೆರವಿನಿಂದ ಕೆಲಸ ಮಾಡುತ್ತವೆ ಎಂದು ತೋರಿಸಿದರು. 2003ರಲ್ಲಿ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಕಾಯಿಲೆ ಬಂದ ಮೇಲೆ ಈ ಕೋಶಗಳನ್ನು ಕೊಟ್ಟರೂ ಇಲಿಯ ಕರುಳು ವಾಸಿಯಾಗುತ್ತದೆ, ಕೆಟ್ಟುಹೋದ ಗುಳಿಗಳ ಸಾಲು ಮತ್ತೆ ಸರಿಯಾಗುತ್ತದೆ.

ಅದೇ ಹೊತ್ತಿಗೆ ಬೇರೆ ಕಡೆಯೂ ಇದೇ ಹುಡುಕಾಟ ನಡೆದಿತ್ತು. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಅಂಕೆಯ ಕೋಶಗಳಿಗೆ ಇನ್ನೂ ಖಚಿತವಾದ ಗುರುತು ಕಂಡುಹಿಡಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟರೆ ಏನಾಗುತ್ತದೆ ಎಂದು ತೋರಿಸಿದರು. ಆ ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಎಳವೆಯಲ್ಲೇ ವಿಪರೀತ ಭೇದಿ, ಸಕ್ಕರೆ ಕಾಯಿಲೆ, ಚರ್ಮದ ಉರಿ ಎಲ್ಲ ಒಟ್ಟಿಗೆ ಬರುತ್ತವೆ. ಅಂಕೆಯ ಕೋಶಗಳು ಸರಿಯಾಗಿ ತಯಾರಾಗಬೇಕಾದರೆ ಇದೇ ಜೀನ್ ಬೇಕು ಎಂದು ಆಮೇಲೆ ಗೊತ್ತಾಯಿತು. ಈ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು.

ಈಗ ಔಷಧಿಯ ವಿಷಯಕ್ಕೆ ಬರೋಣ. 2006ರಲ್ಲಿ ಪೌರಿ ಅವರ ತಂಡ, ಕರುಳಿನ ಉರಿಯೂತವನ್ನು ಹೊತ್ತಿಸುವುದರಲ್ಲಿ ಐಎಲ್-23 ಎಂಬ ಸಂದೇಶದ ಪಾತ್ರ ದೊಡ್ಡದು ಎಂದು ಇಲಿಗಳಲ್ಲಿ ತೋರಿಸಿತು. ಅದೇ ವರ್ಷ ಬೇರೆ ವಿಜ್ಞಾನಿಗಳು ಮನುಷ್ಯರ ಜೀನ್‌ಗಳನ್ನು ಹೋಲಿಸಿ ನೋಡಿದಾಗ, ಕರುಳಿನ ಇನ್ನೊಂದು ಉರಿಯೂತದ ಕಾಯಿಲೆಯಾದ ಕ್ರೋನ್ಸ್‌ಗೂ ಐಎಲ್-23ರ ಸಂದೇಶ ಹಿಡಿಯುವ ಜೀನ್‌ಗೂ ನಂಟು ಸಿಕ್ಕಿತು. ಎರಡು ಬೇರೆ ದಾರಿ, ತಲುಪಿದ್ದು ಒಂದೇ ಜಾಗ. ಐಎಲ್-23 ಜೊತೆಗೆ ಐಎಲ್-12 ಅನ್ನೂ ತಡೆಯುವ ಉಸ್ಟೆಕಿನುಮ್ಯಾಬ್ ಎಂಬ ಔಷಧಿಗೆ 2016ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೂ ಸಿಕ್ಕಿತು. ಐಎಲ್-23 ಒಂದನ್ನೇ ತಡೆಯುವ ಔಷಧಿಗಳೂ ಈಗ ಬಂದಿವೆ. ಎಲ್ಲ ಔಷಧಿ ಎಲ್ಲರಿಗೂ ನಾಟುವುದಿಲ್ಲ ಅನ್ನುವುದೂ ನಿಜ. ಯಾರಿಗೆ ಯಾವುದು ನಾಟೀತು ಎಂದು ಮೊದಲೇ ತಿಳಿಯುವ ದಾರಿಯನ್ನು ಪೌರಿ ಅವರಂಥವರು ಹುಡುಕುತ್ತಲೇ ಇದ್ದಾರೆ.

ನಿಮ್ಮ ತಮ್ಮನಿಗೆ ಕೊಟ್ಟಿರುವುದು ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಅಜಥಯೋಪ್ರಿನ್. ಅದಾಗಿದ್ದರೆ ಎರಡು ಮಾತು. ಅದು ಕೆಲಸ ಮಾಡಲು ಎರಡು ಮೂರು ತಿಂಗಳು ಬೇಕು, ಹಾಗಾಗಿ 'ಏನೂ ಉಪಯೋಗ ಆಗ್ತಿಲ್ಲ' ಅಂತ ನಡುವೆ ಬಿಡಬಾರದು. ಇನ್ನೊಂದು, ಶುರುವಿನಲ್ಲಿ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಕೆಲವರಿಗೆ ಹುಟ್ಟಿನಿಂದ ಬಂದ ಜೀನ್ ವ್ಯತ್ಯಾಸದಿಂದಾಗಿ ಇದರಿಂದ ಬಿಳಿ ರಕ್ತಕಣ ತೀರಾ ಕಡಿಮೆಯಾಗುತ್ತದೆ. ಭಾರತೀಯರಲ್ಲಿ ಈ ವ್ಯತ್ಯಾಸ ಅಪರೂಪವೇನಲ್ಲ.

ಇಮ್ಯುನಿಟಿ ತಗ್ಗಿದರೆ ಬೇರೆ ಸೋಂಕು ತಗಲುವುದಿಲ್ಲವೇ ಅನ್ನುವ ಭಯ ನಿಮಗಿದ್ದರೆ ಅದು ಸುಳ್ಳಲ್ಲ. ನಮ್ಮ ದೇಶದಲ್ಲಿ ಮುಖ್ಯವಾಗಿ ನೋಡಬೇಕಾದ್ದು ಟಿಬಿ. ಮೈಯಲ್ಲಿ ಸುಮ್ಮನೆ ಮಲಗಿದ್ದ ಟಿಬಿ ಈ ಬಗೆಯ ಕೆಲವು ಔಷಧಿಗಳಿಂದ ಏಳಬಹುದು. ಅದಕ್ಕೇ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಇಂಜೆಕ್ಷನ್ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ ಮಾಡಿಸುತ್ತಾರೆ. ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಕೊನೆಗೆ ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಲ್ಲಿ, ಇಮ್ಯುನಿಟಿಯೇ ಯಕೃತ್ತಿನ ಮೇಲೆ ದಾಳಿ ಮಾಡಿದಂಥ ಹಾನಿ ಕಂಡಿತು ಎಂದು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಈ ವಾದ ಏನೇ ಇರಲಿ, ಅಂಕೆ ತಪ್ಪಿದ ಇಮ್ಯುನಿಟಿಯಿಂದಲೇ ನರಳುತ್ತಿರುವವರಿಗೆ, ಅದನ್ನು ಹೆಚ್ಚಿಸುತ್ತದೆ ಅನ್ನುವ ಕಷಾಯವನ್ನು ನಾನಂತೂ ಕೊಡುವುದಿಲ್ಲ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಎಷ್ಟು ದಿನದಿಂದ, ಎಷ್ಟೆಷ್ಟು ಅಂತ ಡಾಕ್ಟರಿಗೆ ಹೇಳಿ. ಅವರು ಯಕೃತ್ತಿನ ರಕ್ತಪರೀಕ್ಷೆಯನ್ನೂ ಜೊತೆಗೇ ಮಾಡಿಸುತ್ತಾರೆ.