ಮಿರಿಯಂ ಮಕೇಬಾ: ಊರಿಗೆ ಮರಳಲು 31 ವರ್ಷ

1960ರಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದಾಗ ಗಾಯಕಿ ಮಿರಿಯಂ ಮಕೇಬಾ ಅಮೆರಿಕದಲ್ಲಿದ್ದರು. ಮಣ್ಣಿಗೆ ಹೋಗಲೆಂದು ದಕ್ಷಿಣ ಆಫ್ರಿಕಾದ ಕಾನ್ಸುಲೇಟಿಗೆ ಹೋದರೆ, ಪಾಸ್‌ಪೋರ್ಟ್ ರದ್ದಾಗಿರುವುದು ಗೊತ್ತಾಯಿತು. ಆಗಿನ್ನೂ ಅವರು ಯಾವ ರಾಜಕೀಯ ಭಾಷಣವನ್ನೂ ಮಾಡಿರಲಿಲ್ಲ. ಒಂದು ಸಿನಿಮಾದಲ್ಲಿ ಎರಡು ಹಾಡು ಹಾಡಿದ್ದರು, ಅಷ್ಟೆ. ಹಾಡಿಗೆ ಬಿಳಿಯರ ವರ್ಣಭೇದದ ಸರ್ಕಾರ ಇಷ್ಟು ಹೆದರಿದ್ದೇಕೆ ಎಂದು ತಿಳಿಯಬೇಕಾದರೆ ಆ ಹಾಡು ಹುಟ್ಟಿದ ಜಾಗಕ್ಕೇ ಹೋಗಬೇಕು.

ಮಕೇಬಾ ಹುಟ್ಟಿದ್ದು 1932ರ ಮಾರ್ಚ್ 4ರಂದು, ಜೋಹಾನ್ಸ್‌ಬರ್ಗ್‌ನ ಪ್ರಾಸ್ಪೆಕ್ಟ್ ಟೌನ್‌ಶಿಪ್‌ನಲ್ಲಿ, ಅಂದರೆ ಕರಿಯರು ವಾಸಿಸುತ್ತಿದ್ದ ಕೇರಿಯಲ್ಲಿ. ಮಗುವಿಗೆ 18 ದಿನವಾಗಿದ್ದಾಗ ತಾಯಿಗೆ ಆರು ತಿಂಗಳ ಜೈಲಾಯಿತು. ಕೂಸೂ ಜೊತೆಗೇ ಒಳಗೆ ಹೋಯಿತು. ತಾಯಿ ಮಾಡಿದ್ದ ತಪ್ಪೆಂದರೆ ಉಮ್ಕೊಂಬೋಥಿ ಮಾಡಿ ಮಾರಿದ್ದು. ಮೆಕ್ಕೆಜೋಳದ ಹಿಟ್ಟು ಮತ್ತು ಮೊಳಕೆ ಬರಿಸಿ ಒಣಗಿಸಿ ಬೀಸಿದ ಜೋಳದ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ ರಾತ್ರಿಯಿಡೀ ಹುಳಿಗಿಟ್ಟು, ಮರುದಿನ ಗಂಜಿ ಕಾಯಿಸಿ ಆರಿಸಿ, ಮತ್ತೆ ಮೊಳಕೆಹಿಟ್ಟು ಬೆರೆಸಿ ಹುದುಗಲು ಬಿಟ್ಟು, ಕೊನೆಗೆ ಸೋಸುವ ಮನೆಬಿಯರ್ ಅದು. ಕರಿಯರಿಗೆ ಬಿಳಿಯರ ಮದ್ಯ ಕೊಳ್ಳಲು 1962ರವರೆಗೂ ಅವಕಾಶವಿರಲಿಲ್ಲ. ಹಾಗಾಗಿ ಹೆಂಗಸರು ಮನೆಯಲ್ಲೇ ಕದ್ದು ನಡೆಸುತ್ತಿದ್ದ ಶೆಬೀನ್‌ಗಳು ಹುಟ್ಟಿಕೊಂಡವು. ದಣಿದವರು ಕುಡಿಯಲು ಸೇರುತ್ತಿದ್ದ ಆ ಕೋಣೆಗಳಲ್ಲೇ ಟೌನ್‌ಶಿಪ್ ಜಾಝ್ ಬೆಳೆಯಿತು.

1950ರ ದಶಕದಲ್ಲಿ ಮಕೇಬಾ ಮ್ಯಾನ್‌ಹ್ಯಾಟನ್ ಬ್ರದರ್ಸ್ ತಂಡ ಸೇರಿದರು. ಅಲ್ಲಿ ಅವರಿಗೆ ಹೆಸರು ತಂದ 'ಲಾಕು ಚೋನ ಇಲಂಗ'ದ ಮೂಲ ಸಾಹಿತ್ಯ ಹೀಗಿದೆ: ಹೊತ್ತು ಮುಳುಗಿತು, ನಿನ್ನನ್ನು ಮನೆಮನೆಯಲ್ಲಿ, ಆಸ್ಪತ್ರೆಯಲ್ಲಿ, ಜೈಲಿನಲ್ಲಿ ಹುಡುಕುತ್ತೇನೆ. ಸಂಜೆಗೆ ಮನೆಗೆ ಬಾರದವರನ್ನು ಜೈಲಲ್ಲಿ ಹುಡುಕಬೇಕಾದ ಊರಿನ ಹಾಡು ಅದು. ಅಮೆರಿಕದ ಮಾರುಕಟ್ಟೆಗೆ ಇಂಗ್ಲಿಷ್‌ನಲ್ಲಿ ಬಂದಾಗ ಜೈಲೂ ಇಲ್ಲ, ಆಸ್ಪತ್ರೆಯೂ ಇಲ್ಲ. ಚೆಂದದ ಸುಳ್ಳು ಹೇಳುವ ಪ್ರಿಯಕರನ ಹಾಡಾಗಿಬಿಟ್ಟಿತು. ಆಮೇಲೆ ಅಬಿಗೇಲ್ ಕುಬೆಕಾ, ಮೇರಿ ರಬೊಟಾಪಿ ಮೊದಲಾದವರೊಂದಿಗೆ ಸ್ಕೈಲಾರ್ಕ್ಸ್ ಎಂಬ ಹೆಣ್ಣುಮಕ್ಕಳ ತಂಡ ಕಟ್ಟಿಕೊಂಡರು. ರೆಕಾರ್ಡ್ ಎಷ್ಟೇ ಮಾರಾಟವಾಗಲಿ, ಕೈಗೆ ಸಿಗುತ್ತಿದ್ದದ್ದು ಹಾಡಿದ ದಿನದ ಕೂಲಿ ಮಾತ್ರ, ರಾಯಲ್ಟಿ ಇಲ್ಲ.

1959ರ ಫೆಬ್ರವರಿಯಲ್ಲಿ 'ಕಿಂಗ್ ಕಾಂಗ್' ಜಾಝ್ ಒಪೆರಾ ರಂಗಕ್ಕೆ ಬಂತು. ಬಾಕ್ಸರ್ ಎಝೆಕಿಯಲ್ ಡ್ಲಾಮಿನಿಯ ಬದುಕಿನ ಕಥೆ, ಟಾಡ್ ಮಾಟ್‌ಶಿಕಿಝಾ ಅವರ ಸಂಗೀತ. ಪ್ರದರ್ಶನ ನಡೆದದ್ದು ವಿಟ್ಸ್ ವಿಶ್ವವಿದ್ಯಾಲಯದ ಗ್ರೇಟ್ ಹಾಲ್‌ನಲ್ಲಿ. ಪಟ್ಟಣದ ರಂಗಮಂದಿರಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ನಾಟಕ ನೋಡುವಂತಿರಲಿಲ್ಲ, ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಅದು ಸಾಧ್ಯವಿತ್ತು. ಮಕೇಬಾರದ್ದು ಶೆಬೀನ್ ಒಡತಿ ಜಾಯ್ಸ್‌ಳ ಪಾತ್ರ. ತಾಯಿಯನ್ನು ಜೈಲಿಗೆ ಹಾಕಿಸಿದ ಕಸುಬನ್ನೇ ಮಗಳು ವೇದಿಕೆಯ ಮೇಲೆ ರಾಣಿಯಂತೆ ಮೆರೆಸಿದರು.

ಹೊರಗೆ ಕರೆದೊಯ್ದದ್ದು ಮಾತ್ರ ನಾಟಕವಲ್ಲ, ಆ ಸಿನಿಮಾ. ವರ್ಣಭೇದದಡಿ ಕರಿಯರ ಬದುಕನ್ನು ತೋರಿಸಲು ಅಮೆರಿಕದ ನಿರ್ದೇಶಕ ಲಯನೆಲ್ ರೊಗೋಸಿನ್ ಅಧಿಕಾರಿಗಳ ಕಣ್ತಪ್ಪಿಸಿ ಚಿತ್ರೀಕರಿಸಿದ 'ಕಮ್ ಬ್ಯಾಕ್, ಆಫ್ರಿಕಾ'ದಲ್ಲಿ ಮಕೇಬಾ ಒಂದು ಶೆಬೀನ್ ದೃಶ್ಯದಲ್ಲಿ ಬಂದು ಹಾಡುತ್ತಾರೆ. ಚಿತ್ರ 1959ರಲ್ಲಿ ವೆನಿಸ್ ಉತ್ಸವಕ್ಕೆ ಹೋಯಿತು, ಅವರೂ ಹೋದರು. ಲಂಡನ್‌ನಲ್ಲಿ ಅಮೆರಿಕದ ಗಾಯಕ ಹ್ಯಾರಿ ಬೆಲಫಾಂಟೆ ನೆರವಿಗೆ ನಿಂತರು. ವರ್ಷ ಮುಗಿಯುವ ಮೊದಲೇ ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಹಾಡುತ್ತಿದ್ದರು.

ಅಮೆರಿಕನ್ನರನ್ನು ಬೆರಗುಗೊಳಿಸಿದ್ದು 'ಕ್ಲಿಕ್ ಸಾಂಗ್', ಅಂದರೆ ದಕ್ಷಿಣ ಆಫ್ರಿಕಾದ ಖೋಸಾ ಜನರ ಮದುವೆ ಹಾಡು 'ಕೊಂಗ್‌ಕೊಥ್ವಾನೆ'. ಖೋಸಾ ಭಾಷೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಕ್ಲಿಕ್ ಇವೆ. ಎರಡು ನಮ್ಮ ಬಾಯಲ್ಲೂ ಇವೆ: 'ಅಯ್ಯೋ ಪಾಪ' ಎಂದು ಲೊಚಗುಟ್ಟುವುದು ಒಂದು, ಎತ್ತಿನ ಗಾಡಿ ಹೊಡೆಯುವಾಗ ದವಡೆಯ ಪಕ್ಕದಿಂದ ಬರಿಸುವ ಸದ್ದು ಇನ್ನೊಂದು. ಈ ಹಾಡಿನದ್ದು ಮೂರನೆಯದು. ನಾಲಿಗೆಯ ತುದಿ ಅಂಗುಳಿಗೆ, ಬುಡ ಹಿಂದಕ್ಕೆ ಒತ್ತಿರಬೇಕು. ನಡುವೆ ಸಿಕ್ಕ ಗಾಳಿಯನ್ನು ಹೀರಿ ತುದಿಯನ್ನು ಫಟ್ಟನೆ ಕೆಳಗೆ ಬಿಟ್ಟರೆ ಬಾಟಲಿಯ ಬಿರಡೆ ಕಿತ್ತಂತೆ ಕೇಳುತ್ತದೆ. ಹೊಸಬರು ಎಡವುವುದು ಇದರ ಮುಂದಿನ ಸ್ವರದಲ್ಲಿ: ಮೊದಲು ಸದ್ದು, ಆಮೇಲೆ ಉಸಿರು, ಆಮೇಲೆ ಸ್ವರ ಎಂದು ಬಿಡಿಬಿಡಿಯಾಗುತ್ತದೆ. ಕ್ಲಿಕ್‌ಗೆ ಬೇಕಾಗುವುದು ಬಾಯೊಳಗಿನ ಗಾಳಿ ಮಾತ್ರ, ಶ್ವಾಸಕೋಶದ ಉಸಿರು ತನ್ನ ಪಾಡಿಗೆ ಹರಿಯಬಹುದು. ಮಕೇಬಾ ಹಾಡುವಾಗ ಕ್ಲಿಕ್ ತಾಳದ ಪೆಟ್ಟಿನಂತೆ ಬೀಳುತ್ತದೆ, ಸ್ವರದ ಎಳೆ ಕಡಿಯುವುದಿಲ್ಲ.

1963ರ ಜುಲೈನಲ್ಲಿ ಅವರು ವಿಶ್ವಸಂಸ್ಥೆಯ ವರ್ಣಭೇದ ವಿರೋಧಿ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಆಮೇಲೆ ಪೌರತ್ವವೂ ಹೋಯಿತು. ತಾಯ್ನಾಡಿನಲ್ಲಿ ಅವರ ರೆಕಾರ್ಡ್‌ಗಳಿಗೆ ನಿಷೇಧ ಬಿತ್ತು. 1966ರಲ್ಲಿ ಬೆಲಫಾಂಟೆಯೊಂದಿಗೆ ಗ್ರ್ಯಾಮಿ ಬಂತು. 1967ರಲ್ಲಿ 'ಪಾಟಾ ಪಾಟಾ' ಅಮೆರಿಕದ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿತು. ಅದನ್ನು ಮಕೇಬಾ ತಮ್ಮ ಹಗುರವಾದ ಹಾಡುಗಳಲ್ಲಿ ಒಂದೆಂದೇ ಎಣಿಸುತ್ತಿದ್ದರು. ಆ ಮಾತು ಸರಿ. ಅವರ ಕಂಠದ ಆಳ ತಿಳಿಯಬೇಕಾದರೆ ಸ್ಕೈಲಾರ್ಕ್ಸ್ ಕಾಲದ ಹಾಡುಗಳನ್ನೇ ಕೇಳಬೇಕು. 1968ರಲ್ಲಿ ಕರಿಯರ ಹೋರಾಟದ ಮುಂದಾಳು ಸ್ಟೋಕ್ಲಿ ಕಾರ್ಮೈಕಲ್‌ರನ್ನು ಮದುವೆಯಾದದ್ದೇ ತಡ, ಅಮೆರಿಕದಲ್ಲೂ ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದವು. ದಂಪತಿ ಗಿನಿ ದೇಶಕ್ಕೆ ಹೋಗಿ ನೆಲೆಸಿದರು. ಆ ದೇಶದ ಪ್ರತಿನಿಧಿಯಾಗಿ ಮಕೇಬಾ ಮತ್ತೆ ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಒಬ್ಬಳೇ ಮಗಳು ಬೊಂಗಿ 1985ರಲ್ಲಿ ತೀರಿಕೊಂಡ ಮೇಲೆ ಬ್ರಸೆಲ್ಸ್‌ಗೆ ಹೊರಟರು.

1990ರ ಫೆಬ್ರವರಿಯಲ್ಲಿ ಮಂಡೇಲಾ ಬಿಡುಗಡೆಯಾದರು. ಜೂನ್‌ನಲ್ಲಿ ಮಕೇಬಾ ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಫ್ರಾನ್ಸಿನ ಪಾಸ್‌ಪೋರ್ಟ್. ಮುಂದೆಯೂ ಹಾಡು ನಿಲ್ಲಿಸಲಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಕಾಸ್ಟೆಲ್ ವೊಲ್ಟುರ್ನೊದಲ್ಲಿ ಮಾಫಿಯಾ ಗುಂಪು ಆರು ಮಂದಿ ಆಫ್ರಿಕನ್ ವಲಸಿಗರನ್ನು ಕೊಂದಿತು. ನವೆಂಬರ್‌ನಲ್ಲಿ ಅದೇ ಊರಿನಲ್ಲಿ, ಮಾಫಿಯಾ ವಿರುದ್ಧ ಬರೆದು ಜೀವಬೆದರಿಕೆ ಎದುರಿಸುತ್ತಿದ್ದ ರೊಬೆರ್ಟೊ ಸವಿಯಾನೊಗೆ ಬೆಂಬಲವಾಗಿ ನಡೆದ ಕಾರ್ಯಕ್ರಮಕ್ಕೆ 76ರ ಮಕೇಬಾ ಹೋದರು. 'ಪಾಟಾ ಪಾಟಾ' ಹಾಡಿದ ಬಳಿಕ ಕುಸಿದರು. ಹೃದಯಾಘಾತದಿಂದ ಪ್ರಾಣ ಹೋಯಿತು.