ಎರವಲು ಎಂಜಿನ್, ಸ್ವಂತ ಒಡಲು: ಎಂಜಿಬಿ ಕಾರಿನ ಹದಿನೆಂಟು ವರ್ಷ

1962ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಎಂಜಿಬಿ ಎಂಬ ಎರಡು ಸೀಟಿನ ತೆರೆದ ಕಾರು, 1980ರಲ್ಲಿ ಉತ್ಪಾದನೆ ನಿಲ್ಲುವ ಹೊತ್ತಿಗೆ ತನ್ನ ಒಡಹುಟ್ಟಿದ ಮಾದರಿಗಳೂ ಸೇರಿ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿತ್ತು. ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಇದು ಆ ಕಾಲದಲ್ಲಿ ಅಸಾಧಾರಣ ಲೆಕ್ಕ. ಆದರೆ ಕಾರಿನ ಬಿಡಿಭಾಗಗಳನ್ನು ಹರಡಿಕೊಂಡು ನೋಡಿದರೆ ಅಸಾಧಾರಣ ಎನ್ನುವಂಥದ್ದು ಹೆಚ್ಚೇನೂ ಸಿಗುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವೆಲ್ಲ ಅದೇ ಕಂಪನಿಯ ಸಂಸಾರಸ್ಥರ ಕಾರುಗಳಿಂದ ಎರವಲು ಬಂದವು. ಹೊಸದಾಗಿ ಹಣ ಸುರಿದದ್ದು ಒಡಲಿಗೆ ಮಾತ್ರ. ಈ ಕಾರು ಅಷ್ಟು ಕಾಲ ಬಾಳಿದ್ದಕ್ಕೂ ಕೊನೆಕೊನೆಗೆ ಸೊರಗಿದ್ದಕ್ಕೂ ಕಾರಣ ಈ ಲೆಕ್ಕಾಚಾರದಲ್ಲಿಯೇ ಇದೆ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಕಾರು ತಯಾರಕ ವಿಲಿಯಂ ಮಾರಿಸ್‌ಗೆ ಸೇರಿದ್ದ ಆ ಮಾರಾಟ ಮಳಿಗೆಯಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್, 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ ಒಡಲು ತೊಡಿಸಿ ಮಾರತೊಡಗಿದರು. ಎರವಲಿನ ಮೇಲೆ ಬದುಕುವ ಪದ್ಧತಿ ಹೀಗೆ ಹುಟ್ಟಿನಿಂದಲೇ ಬಂದದ್ದು. (ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ, ಎಂಟು ಮೂಲೆಯ ಲಾಂಛನ ಹೊತ್ತ ಎಂಜಿ ಕಾರುಗಳು ಚೀನಾದ ಒಡೆತನಕ್ಕೆ ಸೇರಿದ ಹೆಸರಿನವು, ಹಳೆಯ ಕಾರ್ಖಾನೆಗೂ ಅವಕ್ಕೂ ಲಾಂಛನದಾಚೆ ನಂಟಿಲ್ಲ.) 1929ರಲ್ಲಿ ಸಂಸ್ಥೆ ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಊರಿಗೆ ಹೋಯಿತು. ಅದು ದೊಡ್ಡ ಕಾರ್ಖಾನೆಯೇನಲ್ಲ. ಬೇರೆಡೆ ತಯಾರಾದ ಒಡಲು ಮತ್ತು ಎಂಜಿನ್‌ಗಳನ್ನು ತರಿಸಿ ಜೋಡಿಸುವ ಜಾಗವಷ್ಟೇ. ಜೋಡಣೆಯ ಸಾಲಿನಲ್ಲಿ ಕಾರುಗಳನ್ನು ಕೆಲಸಗಾರರೇ ಕೈಯಿಂದ ಮುಂದಕ್ಕೆ ತಳ್ಳುತ್ತಿದ್ದರು.

ಎಂಜಿಬಿಗೆ ಬಂದದ್ದು ಎಂಜಿಯ ಮಾತೃ ಕಂಪನಿಯಾದ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಜಿನ್. ಕನ್ನಡದ ಓದುಗರಿಗೆ ಇದು ಅಪರಿಚಿತವೇನಲ್ಲ, ಏಕೆಂದರೆ ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಟ್ಟಲೆ ದುಡಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇದೇ ವಂಶದ್ದು. ಎರಡರಲ್ಲೂ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ಒಂದೇ, 88.9 ಮಿ.ಮೀ. ಸಿಲಿಂಡರಿನ ಅಗಲವನ್ನು ಸುಮಾರು 73 ಮಿ.ಮೀ.ನಿಂದ 80ಕ್ಕೆ ಏರಿಸಿದಾಗ 1798 ಸಿ.ಸಿ. ಸಿಕ್ಕಿತು, ಎರಡು ಎಸ್‌ಯು ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಕೂಡಿಸಿದಾಗ 95 ಅಶ್ವಶಕ್ತಿ ದೊರೆಯಿತು. ಸರ್ಕಾರಿ ಅಧಿಕಾರಿಗಳನ್ನು ಹೊತ್ತು ನಿಧಾನವಾಗಿ ಸಾಗುತ್ತಿದ್ದ ಕಾರೂ ಗಂಟೆಗೆ 100 ಮೈಲಿ ದಾಟುತ್ತಿದ್ದ ಈ ಕಾರೂ ದಾಯಾದಿಗಳು ಎಂದು ಹೇಳಿದರೆ ನಂಬಲು ಕಷ್ಟವಾಗುತ್ತದೆ. ಮೊದಲ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಮೂರು ಮುಖ್ಯ ಬೇರಿಂಗ್‌ಗಳು ಹೊರುತ್ತಿದ್ದವು. 1964ರ ಕೊನೆಯಲ್ಲಿ ಅವು ಐದಾದ ಮೇಲೆ ಎಂಜಿನ್ನಿನ ಸದ್ದು ತಗ್ಗಿತು, ಆಯುಷ್ಯ ಹೆಚ್ಚಿತು.

ಆ ಎರಡು ಕಾರ್ಬ್ಯುರೇಟರ್‌ಗಳ ಬಗ್ಗೆ ಒಂದು ಮಾತು. ಎಸ್‌ಯು ಕಾರ್ಬ್ಯುರೇಟರಿನಲ್ಲಿ ಎಂಜಿನ್ ಗಾಳಿ ಎಳೆದಂತೆಲ್ಲ ಒಂದು ಪಿಸ್ಟನ್ ಮೇಲೇರುತ್ತದೆ. ಅದರ ತಳಕ್ಕೆ ಅಂಟಿಕೊಂಡ, ತುದಿಗೆ ಹೋದಂತೆ ಸಣ್ಣಗಾಗುವ ಸೂಜಿ ಪೆಟ್ರೋಲ್ ಬರುವ ರಂಧ್ರದಿಂದ ಅಷ್ಟಷ್ಟೇ ಹೊರಬರುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ತಾನಾಗಿ ಹೆಚ್ಚುತ್ತದೆ. ತೊಡಕು ಇರುವುದು ಎರಡೂ ಸಮನಾಗಿ ಉಸಿರಾಡಬೇಕು ಎನ್ನುವಲ್ಲಿ. ಇದಕ್ಕೆ ಹಳೆಯ ಮೆಕ್ಯಾನಿಕ್‌ಗಳು ಬಳಸುತ್ತಿದ್ದ ಉಪಕರಣ ಒಂದು ತುಂಡು ರಬ್ಬರ್ ಕೊಳವೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲು ಒಂದು ಕಾರ್ಬ್ಯುರೇಟರಿನ ಬಾಯಿಗೆ, ಆಮೇಲೆ ಇನ್ನೊಂದರದಕ್ಕೆ. ಎರಡರ ‘ಸುಯ್’ ಸದ್ದು ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸುತ್ತಿದ್ದರು.

ಇನ್ನು ಒಡಲು. ಹಿಂದಿನ ಎಂಜಿಎ ಕಾರಿಗೆ ಪ್ರತ್ಯೇಕ ಷಾಸಿ ಇತ್ತು, ಒಡಲನ್ನು ಅದರ ಮೇಲೆ ಕೂರಿಸುತ್ತಿದ್ದರು. ಮುಖ್ಯ ಎಂಜಿನಿಯರ್ ಸಿಡ್ ಎನೆವರ್ ಮತ್ತು ವಿನ್ಯಾಸಗಾರ ಡಾನ್ ಹೇಟರ್ ಎಂಜಿಬಿಯಲ್ಲಿ ಷಾಸಿಯನ್ನು ಕೈಬಿಟ್ಟು ಒಡಲೇ ಭಾರ ಹೊರುವಂತೆ ಮಾಡಿದರು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3 ಇಂಚು ಕಡಿಮೆಯಾದರೂ ಒಳಗೆ ಜಾಗ ಹೆಚ್ಚಿತು. ತೆರೆದ ಕಾರಿಗೆ ಮಾಡಿನ ಆಸರೆ ಇಲ್ಲವಾದ್ದರಿಂದ, ಅದು ನಡುವೆ ಬಾಗದಂತೆ ತಡೆಯುವ ಕೆಲಸವನ್ನು ಬಾಗಿಲುಗಳ ಕೆಳಗೆ ಉದ್ದಕ್ಕೆ ಸಾಗುವ, ಹಲವು ಪದರಗಳ ತಗಡನ್ನು ಬೆಸೆದು ಮಾಡಿದ ಪೆಟ್ಟಿಗೆಯಂಥ ತೊಲೆಗಳು ಮಾಡುತ್ತವೆ. ಕಾರಿನ ಶತ್ರುವೂ ಅಲ್ಲೇ ಹುಟ್ಟುತ್ತದೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಉದುರಿಸುವ ಉಪ್ಪು ನೀರಿನೊಡನೆ ಈ ಪದರಗಳ ನಡುವೆ ಸೇರಿ ಒಳಗಿನಿಂದ ತಿನ್ನತೊಡಗಿದರೆ ಹೊರಗಿನ ಬಣ್ಣ ವರ್ಷಗಟ್ಟಲೆ ಥಳಥಳಿಸುತ್ತಲೇ ಇರುತ್ತದೆ. ಹಾಗಾಗಿ ಹಳೆಯ ಎಂಜಿಬಿ ಕೊಳ್ಳುವವರು ಎಂಜಿನ್ ಚಾಲೂ ಮಾಡುವ ಮೊದಲು ಮಂಡಿಯೂರಿ ಆ ತೊಲೆಯನ್ನು ತಟ್ಟಿ ನೋಡುತ್ತಾರೆ. ಎಂಜಿನ್ ಕೆಟ್ಟರೆ ರಿಪೇರಿ ಅಗ್ಗ, ಒಡಲು ಕೆಟ್ಟರೆ ಅಲ್ಲ.

1965ರಲ್ಲಿ ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ನೆರವಿನಿಂದ ಮುಚ್ಚಿದ ಮಾಡಿನ ಜಿಟಿ ಮಾದರಿ ಬಂತು. ಶಕ್ತಿ ಹೆಚ್ಚಿಸಲು 1967ರಲ್ಲಿ ಆರು ಸಿಲಿಂಡರಿನ ಭಾರದ ಎಂಜಿನ್ ತುರುಕಿದ ಎಂಜಿಸಿ, ಮುಂಭಾಗ ಭಾರವಾಯಿತೆಂಬ ಅಪಖ್ಯಾತಿ ಹೊತ್ತು ಎರಡೇ ವರ್ಷದಲ್ಲಿ ನಿಂತಿತು. 1973ರಲ್ಲಿ ರೋವರ್ ಕಂಪನಿಯ ಎಂಟು ಸಿಲಿಂಡರಿನ 3528 ಸಿ.ಸಿ. ಎಂಜಿನ್ ಹಾಕಿದರು, ಅದು ಅಲ್ಯೂಮಿನಿಯಂನದಾದ್ದರಿಂದ ಹಳೆಯ ಎರಕದ ಕಬ್ಬಿಣದ ಎಂಜಿನ್ನಿಗಿಂತ ಹೆಚ್ಚು ಭಾರವೇನಿರಲಿಲ್ಲ. ನನ್ನ ಮಟ್ಟಿಗೆ ಈ ಒಡಲಿಗೆ ತಕ್ಕ ಎಂಜಿನ್ ಸಿಕ್ಕಿದ್ದು ಆಗಲೇ. ಆದರೆ ಅದೇ ವರ್ಷ ತೈಲ ಬಿಕ್ಕಟ್ಟು ಎದುರಾಯಿತು, ಮೇಲಾಗಿ ಅದನ್ನು ಅಮೆರಿಕದಲ್ಲಿ ಮಾರಲಿಲ್ಲ. 2591 ಕಾರುಗಳಿಗೇ ಅದು ಮುಗಿಯಿತು.

ಅಮೆರಿಕ ಎಂಬುದು ಇಲ್ಲಿ ಸಣ್ಣ ಮಾತಲ್ಲ. ಎಂಜಿಬಿಯ ಅತಿದೊಡ್ಡ ಗಿರಾಕಿ ಅದೇ. ಅಲ್ಲಿನ ಸುರಕ್ಷತಾ ನಿಯಮಗಳು 1968ರಿಂದ ಬಿಗಿಯಾದಂತೆ ಲೋಹದ ಡ್ಯಾಶ್‌ಬೋರ್ಡಿನ ಜಾಗಕ್ಕೆ ದಪ್ಪ ಮೆತ್ತೆ ಬಂತು. ಅದನ್ನು ಅಭಿಮಾನಿಗಳು ‘ಆಬಿಂಗ್ಡನ್ ದಿಂಬು’ ಎಂದು ಹಾಸ್ಯ ಮಾಡಿದರು. ಗಾಜಿನ ಇಷ್ಟು ಭಾಗವನ್ನು ವೈಪರ್ ಒರೆಸಲೇಬೇಕು ಎಂಬ ನಿಯಮಕ್ಕಾಗಿ ಆ ಗಿಡ್ಡ ಗಾಜಿಗೆ ಮೂರು ವೈಪರ್ ಜೋಡಿಸಬೇಕಾಯಿತು. 1974ರಲ್ಲಿ ಕ್ರೋಮ್ ಬಂಪರ್ ಹೋಗಿ, ಉಕ್ಕಿನ ಮೇಲೆ ಪಾಲಿಯುರಿಥೇನ್ ಹೊದಿಸಿದ ಕಪ್ಪು ಬಂಪರ್ ಬಂತು. ದೀಪಗಳ ಎತ್ತರದ ನಿಯಮ ಪಾಲಿಸಲು ಇಡೀ ಕಾರನ್ನೇ ಒಂದು ಇಂಚಿಗೂ ಹೆಚ್ಚು ಮೇಲೆತ್ತಿದರು. ತಿರುವುಗಳಲ್ಲಿ ಕಾರು ಹಿಂದಿಗಿಂತ ಹೆಚ್ಚು ವಾಲತೊಡಗಿತು. ಹೊಗೆ ನಿಯಂತ್ರಣಕ್ಕಾಗಿ ಎರಡು ಎಸ್‌ಯುಗಳ ಬದಲು ಒಂದೇ ಕಾರ್ಬ್ಯುರೇಟರ್ ಕೂರಿಸಿದ್ದರಿಂದ ಅಮೆರಿಕದ ಕಾರುಗಳ ಶಕ್ತಿ ಅರವತ್ತರ ಆಸುಪಾಸಿಗೆ ಇಳಿಯಿತು. ಹೊಸ ಎಂಜಿನ್, ಹೊಸ ಸಸ್ಪೆನ್ಷನ್ ಕೊಟ್ಟಿದ್ದರೆ ಇವೆಲ್ಲವನ್ನೂ ನಿಭಾಯಿಸಬಹುದಿತ್ತು. ಆದರೆ ಎಂಜಿಬಿ ಎರವಲು ತರುತ್ತಿದ್ದ ಮನೆಯೇ ಬರಿದಾಗುತ್ತಿತ್ತು. ವಿಲೀನಗಳ ನಂತರ 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಆದ ಮಾತೃ ಕಂಪನಿ 1975ರಲ್ಲಿ ಸರ್ಕಾರದ ಕೈಸೇರಿತು, ಸ್ಪೋರ್ಟ್ಸ್ ಕಾರಿಗೆಂದು ಇದ್ದ ಅಲ್ಪ ಹಣ ಅದೇ ಕಂಪನಿಯ ಇನ್ನೊಂದು ಸ್ಪೋರ್ಟ್ಸ್ ಕಾರು ಟ್ರಯಂಫ್ ಟಿಆರ್7 ಪಾಲಾಯಿತು.

1979ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ ಊರು ಎಂಜಿ ಅಲ್ಲಿಗೆ ಬಂದ ಐವತ್ತನೆಯ ವರ್ಷದ ಉತ್ಸವ ಆಚರಿಸಿತು. ಉತ್ಸವ ಮುಗಿದ ಸೋಮವಾರವೇ ಅಲ್ಲಿ ಎಂಜಿ ಉತ್ಪಾದನೆ ನಿಲ್ಲಲಿದೆಯೆಂಬ ಸುದ್ದಿ ಹೊರಬಿತ್ತು. ಕೊನೆಯ ಕಾರು 1980ರ ಅಕ್ಟೋಬರಿನಲ್ಲಿ ಹೊರಬಂತು.

ಒಡಲಿನ ಕತೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಹಳೆಯ ಅಚ್ಚುಗಳನ್ನು ಹುಡುಕಿ ಒಟ್ಟುಗೂಡಿಸಿದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಎಂಜಿಬಿಯ ಇಡೀ ಒಡಲನ್ನು ಹೊಸದಾಗಿ ತಯಾರಿಸಿ ಮಾರತೊಡಗಿತು. ತೊಲೆ ತುಕ್ಕು ಹಿಡಿದ ಕಾರಿನಿಂದ ಎಂಜಿನ್, ಆಕ್ಸಲ್, ಎರಡು ಕಾರ್ಬ್ಯುರೇಟರ್ ಎಲ್ಲವನ್ನೂ ಬಿಚ್ಚಿ ಹೊಸ ಒಡಲಿಗೆ ಕೂರಿಸಿಕೊಳ್ಳಬಹುದಾಯಿತು. ಅದೇ ಒಡಲನ್ನು ತಿದ್ದಿ, ರೋವರಿನ ಎಂಟು ಸಿಲಿಂಡರಿನ ಎಂಜಿನ್ ಇಟ್ಟು 1993ರಿಂದ 1995ರವರೆಗೆ ಆರ್‌ವಿ8 ಎಂಬ ಕಾರನ್ನೂ ರೋವರ್ ಕಂಪನಿ ಮಾರಿತು. ಸುಮಾರು ಎರಡು ಸಾವಿರ ತಯಾರಾದವು, ಹೆಚ್ಚಿನವು ಜಪಾನಿಗೆ ಹೋದವು.